ಸಂಬಂಧಪಡದ ವ್ಯಕ್ತಿಗಳು: ಕೃಷಿವಿಮಾನದ ನಿಯಮಗಳನ್ನು ಕುರಿತು ಒಂದು ವಿಮರ್ಶೆ

ಶಾಸನಗಳನ್ನೂ ನಿಯಮಾವಳಿಗಳನ್ನೂ ವಿಮರ್ಶೆಗೆ ಎತ್ತಿಕೊಳ್ಳುವ ರೂಢಿ ನಮ್ಮಲ್ಲಿ ಹೆಚ್ಚಾಗಿ ಬೆಳೆದಿಲ್ಲ. ಕಾವ್ಯವನ್ನು ಓದುವಾಗ ಒಂದೊಂದು ವಿಶೇಷಣದ ಮುಂದೆಯೂ ನಿಂತು, ಇದು ಏಕೆ ಬಂತು, ಬಾರದಿದ್ದರೆ ಏನು ಕೆಡುತ್ತಿತ್ತು ಎಂದು ಕೇಳುವ ನಾವು, ಅನ್ನಕ್ಕೂ ನೀರಿಗೂ ಸೇರಿದ ಬರಹವನ್ನು ವಕೀಲರ ಪಾಲಿಗೆ ಬಿಟ್ಟು ಸುಮ್ಮನಾಗುತ್ತೇವೆ. ಆದರೆ ನಿಯಮವೂ ಒಂದು ಬರಹವೇ. ಅದಕ್ಕೂ ಒಬ್ಬ ಕರ್ತೃವುಂಟು. ಅವನು ಎಲ್ಲಿ ನಿಂತು ಲೋಕವನ್ನು ನೋಡಿದನೆಂಬುದು ಅವನ ಪದಗಳಲ್ಲಿಯೇ ಹೊರಬೀಳುತ್ತದೆ. ಬೆಳೆಯ ಮೇಲೆ ಆಕಾಶದಿಂದ ಕೀಟನಾಶಕವನ್ನು ಸಿಂಪಡಿಸುವ ಕೆಲಸಕ್ಕೆ, ಎಂದರೆ ಕೃಷಿವಿಮಾನಯಾನಕ್ಕೆ, ನಮ್ಮ ದೇಶದಲ್ಲಿ ಅರ್ಧ ಶತಮಾನಕ್ಕೂ ಮಿಕ್ಕ ಕಾಲದಿಂದ ನಿಯಮವಿದೆ. ಈ ಅವಧಿಯಲ್ಲಿ ಯಂತ್ರವು ಗುರುತು ಸಿಕ್ಕದಷ್ಟು ಬದಲಾಯಿಸಿದೆ. ನಿಯಮವೂ ಬದಲಾಯಿಸಿದೆಯೆಂದು ಹೇಳುತ್ತಾರೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ಸೋಸಲೆಯನ್ನು ಆರಿಸಿಕೊಂಡ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಿರುಮಕೂಡಲು ನರಸೀಪುರ ತಾಲ್ಲೂಕಿನ ಈ ಊರು ವ್ಯಾಸರಾಜ ಮಠದಿಂದಲೂ, ಗರಳಪುರಿ ಶಾಸ್ತ್ರಿಗಳು, ಅಯ್ಯಾಶಾಸ್ತ್ರಿಗಳು ಮೊದಲಾದ ವಿದ್ವಾಂಸರಿಂದಲೂ ಹೆಸರಾದದ್ದು. ಆದರೆ ನಾನು ಅಲ್ಲಿಗೆ ಹೋದದ್ದು ಓಲೆಗರಿಯನ್ನು ಹುಡುಕಿಕೊಂಡಲ್ಲ. ನಿಯಮದ ಪ್ರತಿಯನ್ನು ಕೈಯಲ್ಲಿ ಹಿಡಿದು ಗದ್ದೆಯ ಬದುವಿನ ಮೇಲೆ ನಿಂತು ಓದಿದರೆ ಅದು ಹೇಗೆ ಕೇಳಿಸುತ್ತದೆಂದು ತಿಳಿಯುವುದಕ್ಕೆ. ಕಾವೇರಿಯ ಬಯಲಿನ ಭೂಮಿ ಇದು. ಹಿಡುವಳಿಗಳು ಸಣ್ಣವು. ಭತ್ತದ ಪಕ್ಕದಲ್ಲಿ ಕಬ್ಬು, ಅದರಾಚೆಗೆ ಎಲ್ಲಿಯೋ ಹಿಪ್ಪುನೇರಳೆಯ ತೋಟ. ಮೇಲಿನವನ ಗದ್ದೆ ತುಂಬಿದಮೇಲೆ ಅದೇ ನೀರು ಕೆಳಗಿನವನ ಗದ್ದೆಗೆ ಇಳಿಯುತ್ತದೆ. ಇಂಥ ನೆಲದ ಮೇಲೆ ಯಾರ ಕೆಲಸವೂ ಅವನೊಬ್ಬನ ಕೆಲಸವಾಗಿ ಉಳಿಯುವುದು ಕಷ್ಟ.

ಇಲ್ಲಿನ ರೈತನು ಕೀಟನಾಶಕವನ್ನು ‘ಔಷಧಿ’ ಎನ್ನುತ್ತಾನೆ. ‘ಔಷಧಿ ಹೊಡೆಯುವುದು’ ಎಂಬುದು ರೂಢಿಯ ಮಾತು. ಉತ್ತರ ಕರ್ನಾಟಕದ ಕಡೆ ‘ಎಣ್ಣೆ ಹೊಡೆಯುವುದು’ ಎನ್ನುವುದುಂಟು. ಔಷಧಿಯೆಂಬ ಹೆಸರು ವಿಷವನ್ನು ಮರೆಮಾಡುವುದೆಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪ ಸರಿಯೇ. ಆದರೂ ಆ ಮಾತಿನಲ್ಲಿ ಒಂದು ಗುಣವಿದೆ. ಔಷಧಿಯೆಂದೊಡನೆ ಕೊಡುವವನೊಬ್ಬನೂ ಕುಡಿಯುವವನೊಬ್ಬನೂ ನೆನಪಿಗೆ ಬರುತ್ತಾರೆ. ಪ್ರಮಾಣವೂ ಪಥ್ಯವೂ ನೆನಪಿಗೆ ಬರುತ್ತವೆ. ನಿಯಮದ ಭಾಷೆಯಲ್ಲಿ ಈ ಇಬ್ಬರಲ್ಲಿ ಒಬ್ಬನಿದ್ದಾನೆ, ಇನ್ನೊಬ್ಬನಿಲ್ಲ. ಈ ಕೊರತೆಯೇ ಮುಂದಿನ ಪುಟಗಳ ವಿಷಯ.

ಯಂತ್ರದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1921ರ ಆಗಸ್ಟ್ 3ರಂದು ಅಮೆರಿಕದ ಒಹಾಯೋ ಪ್ರಾಂತದಲ್ಲಿ ಜಾನ್ ಮಕ್ರೆಡಿ ಎಂಬ ಸೈನಿಕ ವೈಮಾನಿಕನು ಕರ್ಟಿಸ್ ವಿಮಾನವೊಂದರಿಂದ ಕೆಟಾಲ್ಪ ಮರಗಳ ತೋಪಿನ ಮೇಲೆ ಸೀಸದ ಆರ್ಸೆನೇಟ್ ಪುಡಿಯನ್ನು ಚೆಲ್ಲಿದನು. ಎಲೆ ತಿನ್ನುವ ಕಂಬಳಿಹುಳುಗಳು ಸತ್ತುಬಿದ್ದವು, ವಿದ್ಯೆ ಹರಡಿತು. ಯುದ್ಧಕ್ಕಾಗಿ ಹುಟ್ಟಿದ ವಿಮಾನಗಳೇ ಬಹುಕಾಲ ಈ ಕೆಲಸಕ್ಕೆ ಒದಗುತ್ತಿದ್ದವು. ಇದಕ್ಕೆಂದೇ ರೂಪಿಸಿದ ವಿಮಾನಗಳು ಬಂದದ್ದು ಮುಖ್ಯವಾಗಿ 1950ರ ಅನಂತರ. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯೂ ಅಂಥದೊಂದನ್ನು ನಿರ್ಮಿಸಿತೆಂಬುದು ಈಗ ಬಹುಮಂದಿಗೆ ಮರೆತುಹೋಗಿದೆ. ‘ಬಸಂತ್’ ಎಂದು ಅದರ ಹೆಸರು. 400 ಅಶ್ವಶಕ್ತಿಯ ಎಂಜಿನಿನ ಆ ವಿಮಾನ ತನ್ನ ತಿದ್ದಿದ ರೂಪದಲ್ಲಿ 1972ರ ಮಾರ್ಚಿಯಲ್ಲಿ ಹಾರಿತು. 1980ರಲ್ಲಿ ನಿರ್ಮಾಣ ನಿಲ್ಲುವ ಹೊತ್ತಿಗೆ 39 ಮಾತ್ರ ತಯಾರಾಗಿದ್ದವು. ತುಂಡುತುಂಡಾಗಿ ಹಂಚಿಹೋದ ಹೊಲಗಳ ಮೇಲೆ ಇಂಥ ವಿಮಾನಕ್ಕೆ ಹೆಚ್ಚು ಕೆಲಸವಿರಲಿಲ್ಲ. ಅದಕ್ಕೆ ಬೇಕಾದದ್ದು ವಿಸ್ತಾರವಾದ ಒಂದೇ ಬೆಳೆ, ಒಬ್ಬನೇ ಒಡೆಯ. ಆ ಎರಡೂ ಒದಗಿದ ಕಡೆ ಏನಾಯಿತೆಂಬುದನ್ನು ಕಾಸರಗೋಡಿನಲ್ಲಿ ನೋಡುತ್ತೇವೆ.

ಅದಕ್ಕೆ ಮುಂಚೆ ನಿಯಮ. 1958ರಲ್ಲಿ ಕೇರಳ, ಮದರಾಸು ಪ್ರಾಂತಗಳಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಣೆಯ ಕಾಲದಲ್ಲಿ ಸೋರಿ ಆಹಾರಧಾನ್ಯದ ಹಿಟ್ಟಿಗೆ ಬೆರೆತು ನೂರಕ್ಕೂ ಹೆಚ್ಚು ಮಂದಿ ಮರಣಹೊಂದಿದರು. ಆ ದುರಂತದ ಬಳಿಕ ನಡೆದ ವಿಚಾರಣೆಗಳ ಫಲವಾಗಿ 1968ರ ಕೀಟನಾಶಕ ಶಾಸನವೂ, ಅದರ ಕೆಳಗೆ 1971ರ ನಿಯಮಾವಳಿಯೂ ಬಂದವು. ಈ ನಿಯಮಾವಳಿಯ 43ನೆಯ ನಿಯಮ ವೈಮಾನಿಕ ಸಿಂಪಡಣೆಗೆ ಮೀಸಲಾದದ್ದು. ಬಹಳ ಚಿಕ್ಕದು, ಅದರಲ್ಲಿರುವುದು 6 ಅಂಶ. ಪ್ರದೇಶವನ್ನು ಗುರುತುಮಾಡುವುದು ಸಿಂಪಡಿಸುವವರ ಹೊಣೆ. ಒಪ್ಪಿಗೆಯಾದ ಕೀಟನಾಶಕವನ್ನೇ, ಒಪ್ಪಿಗೆಯಾದ ಸಾಂದ್ರತೆಯಲ್ಲಿ, ಒಪ್ಪಿಗೆಯಾದ ಎತ್ತರದಿಂದಲೇ ಬಳಸಬೇಕು. ತೊಳೆದುಕೊಳ್ಳುವುದಕ್ಕೂ ಪ್ರಥಮ ಚಿಕಿತ್ಸೆಗೂ ಅವರೇ ಏರ್ಪಾಡು ಮಾಡಬೇಕು. ಕನಿಷ್ಠಪಕ್ಷ 24 ಗಂಟೆಗಳ ಮುಂಚೆ ತಕ್ಕ ಅಧಿಕಾರಿಗಳ ಮೂಲಕ ಸಾರ್ವಜನಿಕರಿಗೆ ತಿಳಿಸಬೇಕು. ಪ್ರಾಣಿಗಳೂ ಕಾರ್ಯಾಚರಣೆಗೆ ಸಂಬಂಧಪಡದ ವ್ಯಕ್ತಿಗಳೂ ಗೊತ್ತಾದ ಒಂದು ಅವಧಿಯವರೆಗೆ ಆ ಪ್ರದೇಶವನ್ನು ಪ್ರವೇಶಿಸದಂತೆ ತಡೆಯಬೇಕು. ವೈಮಾನಿಕನಿಗೆ ವಿಶೇಷ ಶಿಕ್ಷಣವಿರಬೇಕು.

ಮೊದಲ ಓದಿಗೆ ಇದು ಪ್ರಶಂಸೆಗೆ ತಕ್ಕ ನಿಯಮವೆಂದೇ ತೋರುತ್ತದೆ. ಅನಾವಶ್ಯಕವಾದ ಮಾತೊಂದೂ ಇಲ್ಲ. ಎರಡನೆಯ ಓದಿಗೆ ಒಂದು ಸಂಗತಿ ಕಾಣುತ್ತದೆ: ಈ ನಿಯಮದ ಕರ್ತೃ ವಿಮಾನದಲ್ಲಿ ಕುಳಿತಿದ್ದಾನೆ. ಅವನಿಗೆ ಪ್ರದೇಶ ಕಾಣುತ್ತದೆ, ಎತ್ತರ ಕಾಣುತ್ತದೆ, ವೈಮಾನಿಕ ಕಾಣುತ್ತಾನೆ. ಕೆಳಗೆ ಇರುವವರು ಎರಡೇ ವಿಧದವರು, ಸಂಬಂಧಪಟ್ಟವರು ಮತ್ತು ಸಂಬಂಧಪಡದವರು. ಎರಡನೆಯವರು ಹೊರಗಿನಿಂದ ಒಳಕ್ಕೆ ಬಂದಾರೆಂಬುದೊಂದೇ ಅವನ ಭಯ. ಒಳಗಿನದು ಹೊರಕ್ಕೆ, ಅವರಿರುವಲ್ಲಿಗೇ, ಹೋದೀತೆಂಬ ಶಂಕೆ ಅವನ ಕ್ರಿಯಾಪದಗಳಲ್ಲಿ ಎಲ್ಲಿಯೂ ಇಲ್ಲ. ‘ಪ್ರವೇಶಿಸದಂತೆ’ ಎಂಬ ಮಾತಿಗೆ ಕರ್ತೃವಾಗಿ ಬಂದವು ಪ್ರಾಣಿಗಳು ಮತ್ತು ಮನುಷ್ಯರು. ಗಾಳಿಯಾಗಲಿ ನೀರಾಗಲಿ ಅಲ್ಲ. ಇಡೀ ನಿಯಮದ ದೋಷ ಈ ಒಂದು ಕರ್ತೃಪದದಲ್ಲಿದೆಯೆಂದು ನನ್ನ ಅಭಿಪ್ರಾಯ.

ಇದನ್ನು ಬರಿಯ ವ್ಯಾಕರಣದ ಚರ್ಚೆಯೆಂದು ಭಾವಿಸುವವರು ಕಾಸರಗೋಡಿನ ಕನ್ನಡ ನೆಲವನ್ನು ನೆನೆಯಬೇಕು. ಅಲ್ಲಿ ಕೇರಳ ತೋಟಗಾರಿಕಾ ನಿಗಮದ ಗೇರುತೋಟಗಳು ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮೇಲ್ಪಟ್ಟು ಹಬ್ಬಿದ್ದವು. ಗೇರಿನ ಚಿಗುರನ್ನೂ ಹೂವನ್ನೂ ಹೀರಿ ಒಣಗಿಸುವ ಚಹಾಸೊಳ್ಳೆಯೆಂಬ ತಿಗಣೆಯನ್ನು ಅಡಗಿಸಲು 1970ರ ದಶಕದ ಕೊನೆಯಿಂದ 2000ದವರೆಗೆ, ಎಂದರೆ ಎರಡು ದಶಕಗಳಿಗೂ ಮಿಕ್ಕು, ಹೆಲಿಕಾಪ್ಟರುಗಳಿಂದ ಎಂಡೋಸಲ್ಫಾನನ್ನು ಸಿಂಪಡಿಸಿದರು. ನಮ್ಮ ರಾಜ್ಯದಲ್ಲಿಯೂ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಮುಂತಾದ ಕಡೆ ಗೇರುತೋಟಗಳ ಮೇಲೆ ಇದೇ ಕ್ರಮ ನಡೆಯಿತು. ಮರಗಳು ಎತ್ತರ, ನೆಲ ಏರುತಗ್ಗು, ಕೂಲಿಯಾಳುಗಳು ಕಡಮೆ. ಹೆಲಿಕಾಪ್ಟರಿನ ಪರವಾದ ವಾದಗಳು ಸುಲಭವಾಗಿಯೇ ಸಿಕ್ಕುತ್ತಿದ್ದವು.

ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ನಿಂತು 43ನೆಯ ನಿಯಮದ ಅಂಶಗಳನ್ನು ಒಂದೊಂದಾಗಿ ಓದೋಣ. ‘ಪ್ರದೇಶ’ ಎಂದರೆ ಗುಡ್ಡದ ಮೇಲಿನ ತೋಟ. ಆದರೆ ಮನೆಗಳೂ ಅಡಕೆಯ ತೋಟಗಳೂ ಇರುವುದು ಗುಡ್ಡದ ಬುಡದ ಕಣಿವೆಯಲ್ಲಿ. ಮೇಲೆ ಬಿದ್ದ ಮಳೆಯೆಲ್ಲ ಕೆಳಕ್ಕೇ ಬರಬೇಕು. ‘ಎತ್ತರ’ ಎಂದರೆ ಮರದ ನೆತ್ತಿಯಿಂದ ಇಷ್ಟು ಎಂದು ಲೆಕ್ಕ. ಸಮತಟ್ಟಾದ ನೆಲದ ಮೇಲೆ ಈ ಲೆಕ್ಕಕ್ಕೆ ಅರ್ಥವಿದೆ. ಗುಡ್ಡದ ನೆತ್ತಿಯ ಮರಕ್ಕೆ ತಾಗದಂತೆ ಹಾರುವ ಯಂತ್ರ ಮರುಕ್ಷಣದಲ್ಲಿ ಕಣಿವೆಯ ಮೇಲೆ ಬಂದಾಗ ಅದೇ ಎತ್ತರ ಎಷ್ಟೋ ಪಾಲು ಹೆಚ್ಚುತ್ತದೆ. ವೈಮಾನಿಕ ಎಷ್ಟು ಶಿಕ್ಷಣ ಪಡೆದವನಾದರೂ ಗುಡ್ಡವನ್ನು ಚಪ್ಪಟೆಮಾಡಲಾರ. ಇನ್ನು ನೀರಿನ ಮಾತು. ಮುನ್ಸೂಚನೆ ಸಿಕ್ಕಿದರೆ ಬಾವಿಯನ್ನು ಹೇಗೋ ಮುಚ್ಚಬಹುದು. ಆ ಸೀಮೆಯ ಕುಡಿಯುವ ನೀರು ಬರುವುದು ಬಾವಿಯಿಂದ ಮಾತ್ರವಲ್ಲ, ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ಸುರಂಗಗಳಿಂದ. ಸುರಂಗದ ನೀರು ಹಗಲಿರುಳೂ ಒಸರಿ ಬಯಲಿನಲ್ಲಿರುವ ಮಣ್ಣಿನ ಹೊಂಡಕ್ಕೆ ಹರಿಯುತ್ತದೆ. 24 ಗಂಟೆಯ ಮುನ್ಸೂಚನೆಯಿಂದ ಒಂದು ಗುಡ್ಡವನ್ನು ಮುಚ್ಚುವ ಬಗೆಯನ್ನು ನಿಯಮವು ಹೇಳಲಿಲ್ಲ.

ನಿಯಮದಲ್ಲಿ ಪ್ರಾಣಿಗಳ ಹೆಸರು ಮನುಷ್ಯರಿಗಿಂತ ಮೊದಲು ಬರುತ್ತದೆ. ಪಡ್ರೆಯಲ್ಲಿಯೂ ಮೊದಲು ಕಂಡದ್ದು ಪ್ರಾಣಿಗಳಲ್ಲಿಯೇ: ಅಂಗವಿಕಲವಾಗಿ ಹುಟ್ಟಿದ ಕರುಗಳ ವಿಷಯವನ್ನು ಪತ್ರಕರ್ತ ಶ್ರೀ ಪಡ್ರೆಯವರು 1979ರಲ್ಲಿಯೇ ಬರೆದರು. ವಾಣಿನಗರದ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ, ಅರ್ಬುದಗಳು ಅಸಾಧಾರಣವಾಗಿ ಕಾಣುತ್ತಿವೆಯೆಂಬುದನ್ನು ಗುರುತಿಸಿ ವರ್ಷಗಟ್ಟಲೆ ಎಚ್ಚರಿಸಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ 2001ರಲ್ಲಿ ಅಲ್ಲಿ ಅಧ್ಯಯನ ನಡೆಸಿತು. ರೋಗಕ್ಕೂ ರಾಸಾಯನಿಕಕ್ಕೂ ಇರುವ ಕಾರ್ಯಕಾರಣ ಸಂಬಂಧವನ್ನು ಕುರಿತು ಸಮಿತಿಗಳ ನಡುವೆ ವಾದವಿವಾದ ದೀರ್ಘವಾಗಿ ನಡೆಯಿತು. ಅದನ್ನು ತೀರ್ಮಾನಿಸುವುದು ಈ ಲೇಖನದ ಅಧಿಕಾರಕ್ಕೆ ಮೀರಿದ್ದು. ನಮ್ಮ ಗಮನಕ್ಕೆ ಬರಬೇಕಾದದ್ದು ಬೇರೊಂದು. ಆ ಸಿಂಪಡಣೆಯನ್ನು ತಡೆದವರಾರು? ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಲ್ಲಿ 1998ರಲ್ಲಿ ದಾವೆ ಹೂಡಿದ ಲೀಲಾಕುಮಾರಿ ಅಮ್ಮನವರು. ಅವರು ಕೃಷಿ ಇಲಾಖೆಯಲ್ಲಿದ್ದವರು. ಆದರೆ ದಾವೆ ಹೂಡಿದ್ದು ತೋಟದ ನೆರೆಯ ಮನೆಯವರಾಗಿ. 2000ದಲ್ಲಿ ನ್ಯಾಯಾಲಯ ಆಕಾಶದಿಂದ ಸಿಂಪಡಿಸುವುದನ್ನು ತಡೆಯಿತು. ನಿಯಮದ ಭಾಷೆಯಲ್ಲಿ ಹೇಳುವುದಾದರೆ, ಕಾರ್ಯಾಚರಣೆಗೆ ಸಂಬಂಧಪಡದ ವ್ಯಕ್ತಿಯೊಬ್ಬರು ತಮಗೆ ಸಂಬಂಧವಿದೆಯೆಂದು ಸಿವಿಲ್ ನ್ಯಾಯಾಲಯದಲ್ಲಿ ಸ್ಥಾಪಿಸಬೇಕಾಯಿತು. ಅನಂತರದ ಘಟನೆಗಳು ಎಲ್ಲರಿಗೂ ತಿಳಿದವು: 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಅದನ್ನು ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆಜ್ಞೆಮಾಡಿತು. ನಿಷೇಧವಾದದ್ದು ಒಂದು ರಾಸಾಯನಿಕ. 43ನೆಯ ನಿಯಮದ ದೃಷ್ಟಿ ಹಾಗೆಯೇ ಉಳಿಯಿತು.

ಗಾಳಿಯನ್ನು ಕರ್ತೃಪದವಾಗಿ ಸೇರಿಸಬೇಕೆಂದು ಮೇಲೆ ಹೇಳಿದೆನಷ್ಟೆ. ಅದಕ್ಕೆ ಭೌತಶಾಸ್ತ್ರದ ಆಧಾರವಿದೆ. ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು, ಎಂದರೆ 100 ಮೈಕ್ರಾನ್, ದಪ್ಪದ ನೀರಹನಿ 3 ಮೀಟರ್ ಎತ್ತರದಿಂದ ನೆಲಮುಟ್ಟಲು ಸುಮಾರು 11 ಸೆಕೆಂಡು ಬೇಕು. ಸೆಕೆಂಡಿಗೆ 1 ಮೀಟರ್ ವೇಗದ ಮಂದಮಾರುತವಿದ್ದರೂ ಅಷ್ಟರಲ್ಲಿ ಅದು 11 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. 10 ಮೈಕ್ರಾನಿನ ಹನಿಯಾದರೆ ಅದೇ 3 ಮೀಟರ್ ಇಳಿಯಲು 1,000 ಸೆಕೆಂಡುಗಳನ್ನು ತೆಗೆದುಕೊಳ್ಳುತ್ತದೆ. ನಡುದಾರಿಯಲ್ಲಿ ಆವಿಯಾಗದೆ ಉಳಿದರೆ ಕಿಲೋಮೀಟರು ದೂರ ಹೋಗಿ ಬೀಳಬಹುದು. ಕೀಟಕ್ಕೆ ಚೆನ್ನಾಗಿ ಅಂಟುವುದು ಸಣ್ಣ ಹನಿ, ದಾರಿ ತಪ್ಪುವುದೂ ಸಣ್ಣ ಹನಿಯೇ. ಸಿಂಪಡಣೆಯ ಯಂತ್ರವಿದ್ಯೆಯೆಲ್ಲ ಈ ವಿರೋಧದ ನಡುವಣ ಸಂಧಾನವೆಂದು ಹೇಳಿದರೆ ತಪ್ಪಾಗಲಾರದು. ಐರೋಪ್ಯ ಒಕ್ಕೂಟವು 2009ರ ನಿರ್ದೇಶದಲ್ಲಿ ವೈಮಾನಿಕ ಸಿಂಪಡಣೆಯನ್ನೇ ಸಾಮಾನ್ಯವಾಗಿ ನಿಷೇಧಿಸಿ, ಬೇರೆ ಮಾರ್ಗವಿಲ್ಲದ ಕಡೆ ಮಾತ್ರ ವಿನಾಯಿತಿಯಿಟ್ಟುದಕ್ಕೆ ಇದೇ ಮುಖ್ಯ ಕಾರಣ.

ಈಚಿನ ಯಂತ್ರ ಡ್ರೋನು. ಅದರ ಪೂರ್ವಜನು ಜಪಾನಿನ ಭತ್ತದ ಗದ್ದೆಯಲ್ಲಿ ಹುಟ್ಟಿದನೆಂಬುದು ಸೋಸಲೆಯಂಥ ಊರಿಗೆ ಸ್ವಾರಸ್ಯವಾದ ಸಂಗತಿ: ಯಮಹಾ ಸಂಸ್ಥೆ 1987ರಲ್ಲಿಯೇ ಚಾಲಕನಿಲ್ಲದ ಸಣ್ಣ ಹೆಲಿಕಾಪ್ಟರನ್ನು ಅಲ್ಲಿನ ಸಣ್ಣ ಗದ್ದೆಗಳಿಗಾಗಿ ತಂದಿತು. ನಮ್ಮಲ್ಲಿ ನಿಯಮದ ಗತಿ ವಿಚಿತ್ರವಾದದ್ದು. 2014ರ ಅಕ್ಟೋಬರಿನಲ್ಲಿ ವಿಮಾನಯಾನದ ಮಹಾನಿರ್ದೇಶಕರು ಖಾಸಗಿ ಡ್ರೋನನ್ನು ಒಟ್ಟಾರೆ ತಡೆದರು. 2021ರ ಮಾರ್ಚಿಯಲ್ಲಿ ಬಂದ ಬಿಗಿಯಾದ ನಿಯಮಾವಳಿಯನ್ನು ಅದೇ ಆಗಸ್ಟಿನಲ್ಲಿ ರದ್ದುಮಾಡಿ ಸಡಿಲವಾದ ಡ್ರೋನ್ ನಿಯಮಗಳನ್ನು ತಂದರು. ನಮೂನೆಗಳು 25ರಿಂದ 5ಕ್ಕೆ ಇಳಿದವು, ಶುಲ್ಕದ ಬಗೆಗಳು 72ರಿಂದ 4ಕ್ಕೆ. ಆ ವರ್ಷದ ಡಿಸೆಂಬರಿನಲ್ಲಿ ಕೃಷಿ ಮಂತ್ರಾಲಯ ಕೀಟನಾಶಕ ಸಿಂಪಡಣೆಗೆ ಪ್ರತ್ಯೇಕವಾದ ಕಾರ್ಯವಿಧಾನವನ್ನು ಪ್ರಕಟಿಸಿತು. 1934ರ ವಿಮಾನ ಶಾಸನವೇ ಹೋಗಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ.

ಇಷ್ಟರಿಂದ ಆದ ಲಾಭವನ್ನು ಮುಚ್ಚಿಡುವುದು ವಿಮರ್ಶಕನಿಗೆ ತಕ್ಕುದಲ್ಲ. ಬೆನ್ನಿಗೆ 16 ಲೀಟರಿನ ಪಂಪು ಕಟ್ಟಿಕೊಂಡು, ಬರಿಗಾಲಿನಲ್ಲಿ, ತಾನೇ ಹೊಡೆದ ಮಂಜಿನೊಳಕ್ಕೆ ತಾನೇ ನಡೆದು ಹೋಗುವ ಕೂಲಿಯವನನ್ನು ನೋಡಿದವರಾರೂ ಹಳೆಯ ಕ್ರಮವನ್ನು ಹೊಗಳಲಾರರು. 2017ರಲ್ಲಿ ಮಹಾರಾಷ್ಟ್ರದ ಯವತಮಾಳದ ಹತ್ತಿಹೊಲಗಳಲ್ಲಿ ಹೀಗೆ ಸಿಂಪಡಿಸುತ್ತಿದ್ದ 20ಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು. ಡ್ರೋನು ಆ ಮನುಷ್ಯನನ್ನು ಗದ್ದೆಯಿಂದ ಹೊರಕ್ಕೆ ತಂದು ಬದುವಿನ ಮೇಲೆ ನಿಲ್ಲಿಸುತ್ತದೆ. ಹೆಲಿಕಾಪ್ಟರಿಗಿಂತ ಎಷ್ಟೋ ತಗ್ಗಿನಲ್ಲಿ, ಬೆಳೆಯಿಂದ ಕೆಲವೇ ಮೀಟರ್ ಮೇಲೆ, ಉಪಗ್ರಹದ ಗುರುತು ಹಿಡಿದು ಗೆರೆ ಎಳೆದಂತೆ ಹಾರುತ್ತದೆ. ಹಿಂದೆ ಬಾವುಟ ಹಿಡಿದು ನಿಲ್ಲುತ್ತಿದ್ದವನು ಈಗ ಬೇಕಾಗಿಲ್ಲ. ಎಕರೆಯೊಂದು ಹತ್ತು ನಿಮಿಷದೊಳಗೆ ಮುಗಿಯುತ್ತದೆ.

ಆದರೆ ಯಂತ್ರವನ್ನು ನಿಯಮವೂ ರೂಪಿಸುತ್ತದೆಂಬುದನ್ನು ಇಲ್ಲಿ ಗಮನಿಸಬೇಕು. 2021ರ ನಿಯಮದಲ್ಲಿ ಡ್ರೋನುಗಳ ವರ್ಗ ತೂಕದಿಂದ ನಿರ್ಣಯವಾಗುತ್ತದೆ. 2ರಿಂದ 25 ಕಿಲೋವರೆಗೆ ‘ಸಣ್ಣ’ ವರ್ಗ. ಕೃಷಿಡ್ರೋನುಗಳಲ್ಲಿ ಬಹುಪಾಲು ಈ 25 ಕಿಲೋವಿನ ಒಳಗೆ ನಿಲ್ಲುವಂತೆ ನಿರ್ಮಾಣವಾಗುತ್ತವೆ. ಆದುದರಿಂದಲೇ ಅವುಗಳ ತೊಟ್ಟಿ ಸಾಮಾನ್ಯವಾಗಿ 10 ಲೀಟರು. ಕೈಪಂಪಿನಲ್ಲಿ ಎಕರೆಗೆ 150ರಿಂದ 200 ಲೀಟರ್ ನೀರಿಗೆ ಬೆರೆಸುತ್ತಿದ್ದ ಔಷಧಿಯನ್ನು ಈಗ 10 ಲೀಟರಿನಲ್ಲಿ ಬೆರೆಸಬೇಕು. ಎಂದರೆ ಗಾಳಿಯಲ್ಲಿ ತಪ್ಪಿಹೋಗುವ ಒಂದೊಂದು ಹನಿಯೂ 15, 20 ಪಾಲು ಗಟ್ಟಿಯಾದದ್ದು. ಅಷ್ಟು ಕಡಮೆ ನೀರು ಬೆಳೆಯನ್ನೆಲ್ಲ ಮುಟ್ಟಬೇಕಾದರೆ ಹನಿ ಸಣ್ಣದಾಗಿಯೂ ಇರಬೇಕು. ಆಕಾಶದ ಸುರಕ್ಷಿತತೆಗಾಗಿ ಬರೆದ ಒಂದು ಅಂಕಿ ಹೀಗೆ ನೆಲದ ಮೇಲಿನ ವಿಷದ ಸಾಂದ್ರತೆಯವರೆಗೂ ಕೈಚಾಚುತ್ತದೆ. ಇನ್ನೊಂದು ತೊಡಕು ಭತ್ತಕ್ಕೇ ವಿಶೇಷವಾದದ್ದು. ಕಂದು ಜಿಗಿಹುಳು ಕೂರುವುದು ತೆನೆಯ ಮೇಲಲ್ಲ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಪೈರಿನ ಬುಡದಲ್ಲಿ. ಬಲ್ಲ ಆಳು ಪಂಪಿನ ಕೊಳವೆಯನ್ನು ಬಗ್ಗಿಸಿ ಬುಡಕ್ಕೆ ಹಿಡಿಯುತ್ತಾನೆ. ಒತ್ತಾಗಿ ಬೆಳೆದ ಪೈರಿನ ನೆತ್ತಿಯ ಮೇಲೆ ಬಿದ್ದ ಹತ್ತು ಲೀಟರು ಅಲ್ಲಿಗೆ ತಲುಪುವುದು ಕಷ್ಟ, ರೆಕ್ಕೆಗಳ ಗಾಳಿ ಎಷ್ಟೇ ನೂಕಿದರೂ.

ಹೊಸ ನಿಯಮದ ಇನ್ನೊಂದು ಅಂಗ ನಕ್ಷೆ. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಭಾಗಿಸಿದ್ದಾರೆ. ಹಸಿರಿನಲ್ಲಿ 400 ಅಡಿಯವರೆಗೆ ಹಾರಲು ಯಾರ ಅಪ್ಪಣೆಯೂ ಬೇಡ. ಈ ಹಸಿರಿಗೆ ಅರ್ಥ, ಅಲ್ಲಿ ಬೇರೆ ವಿಮಾನಗಳಿಗೆ ಅಡ್ಡಿಯಿಲ್ಲವೆಂದು. ಕೆಳಗೆ ಕುಡಿಯುವ ನೀರಿದೆಯೋ, ಶಾಲೆಯಿದೆಯೋ, ಜೇನುಪೆಟ್ಟಿಗೆಯಿದೆಯೋ ಎಂಬುದಕ್ಕೂ ಆ ಬಣ್ಣಕ್ಕೂ ಸಂಬಂಧವಿಲ್ಲ. ಕೃಷಿ ಮಂತ್ರಾಲಯದ ಕಾರ್ಯವಿಧಾನವನ್ನು ಪ್ರಕಟಿಸುವಾಗ ಹೇಳಿದ ಶೀರ್ಷಿಕೆಗಳನ್ನು ನೋಡಿ: ಹಾರಾಟದ ಅನುಮತಿ, ದೂರದ ನಿರ್ಬಂಧ, ತೂಕದ ವರ್ಗೀಕರಣ, ಜನಸಂದಣಿಯ ಪ್ರದೇಶದ ನಿರ್ಬಂಧ, ನೋಂದಣಿ, ವಿಮೆ, ಚಾಲಕನ ಪ್ರಮಾಣಪತ್ರ, ಹಾರಾಟದ ವಲಯ, ಹವೆಯ ಸ್ಥಿತಿ, ತುರ್ತುಪರಿಸ್ಥಿತಿ. ಹವೆಯ ಮಾತು ಬಂದಿರುವುದು ದೊಡ್ಡ ಸುಧಾರಣೆ. ಗಾಳಿ ಕೊನೆಗೂ ಬರಹದೊಳಕ್ಕೆ ಪ್ರವೇಶಿಸಿದೆ. ಆದರೆ ಅದು ಬಂದದ್ದು ಚಾಲಕನು ಗಮನಿಸಬೇಕಾದ ಒಂದು ಸ್ಥಿತಿಯಾಗಿ. ಗಾಳಿ ತಿರುಗಿದಾಗ ನಿಲ್ಲಿಸು ಎನ್ನುವ ಹಕ್ಕು ಚಾಲಕನಲ್ಲದ ಮತ್ತಾರಿಗಿದೆ?

ಸೋಸಲೆಯ ಸೀಮೆಯಲ್ಲಿ ಈ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ. ತಿರುಮಕೂಡಲು ನರಸೀಪುರ ರೇಷ್ಮೆಯ ತಾಲ್ಲೂಕು. ಮೈಸೂರು ರೇಷ್ಮೆಗೆ ನೂಲು ತೆಗೆಯುವ ಕಾರ್ಖಾನೆ ಇರುವುದು ಆ ಪಟ್ಟಣದಲ್ಲಿಯೇ. ಕೀಟವನ್ನು ಕೊಲ್ಲಲೆಂದೇ ಮಾಡಿದ ಔಷಧಿಗೆ ರೇಷ್ಮೆಹುಳುವೂ ಕೀಟವೇ. ಭತ್ತದ ಮೇಲೆ ಹೊಡೆದದ್ದರ ಲವಲೇಶ ಪಕ್ಕದ ಹಿಪ್ಪುನೇರಳೆಯ ಸೊಪ್ಪಿಗೆ ಬಿದ್ದರೂ ಸಾಕು, ಮೂರು ಜ್ವರ ದಾಟಿ ನಾಲ್ಕನೆಯದಕ್ಕೆ ಬಂದ ಹುಳುಗಳು ವಾಂತಿಮಾಡಿ ಸೆಟೆದುಕೊಳ್ಳುತ್ತವೆ. ಇಪ್ಪತ್ತು ದಿನದ ಆರೈಕೆ ಚಂದ್ರಿಕೆ ಏರದೆ ಗುಂಡಿಗೆ ಹೋಗುತ್ತದೆ. 43ನೆಯ ನಿಯಮವನ್ನು ಈ ಹುಳುವಿಗೆ ಅನ್ವಯಿಸಿ ನೋಡಿ. ಅದು ಪ್ರಾಣಿ ಹೌದು. ಆದರೆ ಅದು ಯಾವ ಪ್ರದೇಶವನ್ನೂ ಪ್ರವೇಶಿಸುವುದಿಲ್ಲ, ಮನೆಯೊಳಗೆ ತಟ್ಟೆಯ ಮೇಲಿದೆ. ಸೊಪ್ಪು ಅದರ ಬಳಿಗೆ ಬರುತ್ತದೆ.

ಹುಳು ಸಾಕುವ ಒಬ್ಬರು ಹಿರಿಯರು ತಮ್ಮ ತೋಟದ ಅಂಚಿನಲ್ಲಿ ನಿಂತು ನನ್ನ ಕೈಲಿದ್ದ ಕಾಗದವನ್ನು ವಿಚಾರಿಸಿದರು. ನಿಯಮದ ಸಾರವನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೆಂದರು: “ಸ್ವಾಮಿ, ಮೊದ್ಲು ಪಕ್ಕದವ್ನು ಪಂಪು ಹೊತ್ಕೊಂಡು ಬಂದ್ರೆ ಕಾಣೋನು. ಗಾಳಿ ತಿರುಗ್ತು ಕಣಪ್ಪ, ಹುಳ ಮೇಯ್ತಾ ಅವೆ, ತಡ್ಕೊ ಅಂತ ಕೂಗೋದು. ಅವ್ನೂ ತಡ್ಕೊಳ್ಳೋನು. ಈಗ ಮೇಲಿರೋದ್ನ ಏನಂತ ಕೂಗ್ಲಿ?” ನಾನು ಓದಿದ ಯಾವ ವ್ಯಾಖ್ಯಾನದಲ್ಲಿಯೂ 43ನೆಯ ನಿಯಮದ ಕೊರತೆಯನ್ನು ಇಷ್ಟು ನೇರವಾಗಿ ಹೇಳಿದ್ದನ್ನು ಕಂಡಿಲ್ಲ. ಪಂಪಿನ ಕಾಲದಲ್ಲಿ ನಿಯಮ ಇಲ್ಲದಿದ್ದರೂ ಕೂಗಿನ ದೂರದಲ್ಲಿ ಒಬ್ಬ ಮನುಷ್ಯನಿದ್ದ. ಯಂತ್ರ ಆ ಮನುಷ್ಯನನ್ನು ವಿಷದಿಂದ ದೂರಮಾಡಿತು. ಅದರ ಜೊತೆಗೆ ನೆರೆಯವನ ಕೂಗಿನಿಂದಲೂ ದೂರಮಾಡಿತು.

ಈ ಸಂದರ್ಭದಲ್ಲಿ 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ನಮೋ ಡ್ರೋನ್ ದೀದಿ’ ಯೋಜನೆಯ ವಿಷಯ ಹೇಳಬೇಕು. 1,261 ಕೋಟಿ ರೂಪಾಯಿಯ ವೆಚ್ಚದಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಕೊಡುವುದು ಅದರ ಉದ್ದೇಶ. ಬೆಲೆಯಲ್ಲಿ ನೂರಕ್ಕೆ 80ರಷ್ಟು, 8 ಲಕ್ಷದವರೆಗೆ, ಸಹಾಯಧನ. ಆಯ್ದ ಸದಸ್ಯೆಗೆ 15 ದಿನದ ಶಿಕ್ಷಣ. ಇದರ ಹಣಕಾಸಿನ ಸಾಧ್ಯಾಸಾಧ್ಯತೆಯನ್ನು ಅರ್ಥಶಾಸ್ತ್ರದವರು ನೋಡಿಕೊಳ್ಳಲಿ. ಆದರೆ ಯೋಜನೆಯ ಕರ್ತೃಗಳು ಉದ್ದೇಶಿಸಿದರೋ ಇಲ್ಲವೋ, ಅದರಲ್ಲೊಂದು ಗುಣ ಸೇರಿಕೊಂಡಿದೆ. ಹಾರಿಸುವವಳು ಅದೇ ಊರಿನವಳು. ಇಂದು ಯಾರ ಸೊಪ್ಪಿನ ಮೇಲೆ ಔಷಧಿ ತೂರಿತೋ ಅವರ ಪಕ್ಕದಲ್ಲಿಯೇ ನಾಳೆ ಬೆಳಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಯಲ್ಲಿ ನಿಲ್ಲಬೇಕಾದವಳು. ಎಕರೆಗಿಷ್ಟೆಂದು ದೂರದ ಊರಿನಿಂದ ಬಂದು ಹೋಗುವ ಬಾಡಿಗೆಯ ಚಾಲಕನಿಗೆ ಈ ಬಂಧನವಿಲ್ಲ.

ಊರವಳಾದ ಮಾತ್ರಕ್ಕೆ ಸಾಲದು; ಅವಳಿಗೆ ಯಾರು ಯಾರಿಗೆ ಸಂಬಂಧಪಟ್ಟವರೆಂಬುದು ತಿಳಿಯಬೇಕು. ಹಿಂದೆ ಈ ಜ್ಞಾನವಿದ್ದವನು ನೀರುಗಂಟಿ. ಯಾವ ತೂಬಿನ ನೀರು ಯಾವ ಗದ್ದೆಯಿಂದ ಯಾವ ಗದ್ದೆಗೆ ಇಳಿಯುತ್ತದೆಂಬುದು ಅವನಿಗೆ ಬಾಯಿಪಾಠ. ಮುನ್ಸೂಚನೆಯನ್ನು ಕಚೇರಿಯ ಗೋಡೆಗೆ ಅಂಟಿಸುವುದಕ್ಕಿಂತ ಅಂಥವನೊಬ್ಬನ ಮೂಲಕ ಕಳುಹಿಸಿದರೆ ಅದು ಮುಟ್ಟಬೇಕಾದ ಬಾಗಿಲನ್ನು ಮುಟ್ಟೀತು. ಇದಕ್ಕೆ ಹೊಸ ಪರಿಭಾಷೆಯನ್ನು ಹುಡುಕಬೇಕಾಗಿಯೂ ಇಲ್ಲ. ನಮ್ಮ ಸೀಮೆಯಲ್ಲಿ ಒಂದು ಗುಂಟೆ ಜಮೀನನ್ನು ಕ್ರಯಕ್ಕೆ ಬರೆದರೂ ಪತ್ರದಲ್ಲಿ ಚಕ್ಕುಬಂದಿ ಬರೆಯದೆ ಮುಗಿಸುವುದಿಲ್ಲ: ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ನಾಲೆ, ಉತ್ತರಕ್ಕೆ ಇಂಥವರ ತೋಟ, ದಕ್ಷಿಣಕ್ಕೆ ಬಂಡಿಜಾಡು. ಬರಿಯ ಸರ್ವೆ ನಂಬರಿನಿಂದ ಜಮೀನು ಗೊತ್ತಾಗುವುದಿಲ್ಲ, ನೆರೆಯವರಿಂದ ಗೊತ್ತಾಗುತ್ತದೆಂಬ ತಿಳಿವಳಿಕೆ ಆ ಬರಹದಲ್ಲಿದೆ. 1971ರ ನಿಯಮ ‘ಪ್ರದೇಶ’ವನ್ನು ಗುರುತುಮಾಡಲು ಹೇಳಿತು, 2021ರ ನಿಯಮ ಆಕಾಶಕ್ಕೆ ಬಣ್ಣ ಬಳಿಯಿತು. ಸಿಂಪಡಣೆಗೆ ಮುಂಚೆ ಬರೆಯುವ ಚೀಟಿಯಲ್ಲಿ ನಾಲ್ಕು ದಿಕ್ಕಿನ ಹೆಸರೂ, ಅಲ್ಲಿರುವ ಬೆಳೆಯೂ, ಹುಳುವಿದ್ದರೆ ಅದು ಎಷ್ಟನೆಯ ಜ್ವರದಲ್ಲಿದೆಯೆಂಬುದೂ, ಆ ನಾಲ್ವರ ರುಜುವೂ ಇರಬೇಕೆಂದು ಒಂದು ಸಾಲು ಸೇರಿಸುವುದಕ್ಕೆ ಎರಡೂ ನಿಯಮಗಳಲ್ಲಿ ಇನ್ನೂ ಜಾಗವಿದೆ.